ಬ್ಯಾಡಗಿಯ ಕೆಂಪೂ ಪೋಷಕದ ಗುಳಿಗೆಯೂ

ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುದಾರಿಯ ಮೇಲಿರುವ ಬ್ಯಾಡಗಿ, ಸುಗ್ಗಿಯ ತಿಂಗಳುಗಳ ಸೋಮವಾರ ಗುರುವಾರಗಳಂದು ಕಣ್ಣಿಗೂ ಮೂಗಿಗೂ ಒಮ್ಮೆಗೇ ಎರಗುವ ಊರು. ಘಾಟಿಗೆ ಸೀನುತ್ತ ನಿಂತ ಪರಸ್ಥಳದವನಿಗೆ ವಿಚಿತ್ರವಾಗಿ ಕಾಣುವ ಸಂಗತಿಯೆಂದರೆ, ದಲಾಲಿ ಅಂಗಡಿಯ ಮುಂದೆ ಬಿಚ್ಚಿದ ಚೀಲದಿಂದ ಒಂದು ಕಾಯಿಯನ್ನೆತ್ತಿ ಮುರಿದು ನೋಡುವ ಖರೀದಿದಾರ ಅದನ್ನು ನಾಲಿಗೆಗೆ ತಾಗಿಸುವುದಿಲ್ಲ. ಸುಕ್ಕುಗಟ್ಟಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಅದರ ಕೆಂಪನ್ನು ಮಾತ್ರ ಪರೀಕ್ಷಿಸುತ್ತಾನೆ. ನೀಳವಾದ ಕಡ್ಡಿಯಾಗಲಿ ಗಿಡ್ಡನೆಯ ಡಬ್ಬಿಯಾಗಲಿ, ಬ್ಯಾಡಗಿಯ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ವರ್ಣದಿಂದ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಈ ಕಾಯಿಯ ಚರಿತ್ರೆಯನ್ನು ಅನುಸರಿಸಿ ಹೋದರೆ, ಇಂದು ಪಟ್ಟಣದ ಪ್ರತಿಯೊಂದು ಔಷಧದ ಅಂಗಡಿಯಲ್ಲಿಯೂ ಸೀಸೆಗಳಲ್ಲಿ ಕುಳಿತಿರುವ ಪೋಷಕದ ಗುಳಿಗೆಗಳ ಗುಣದೋಷಗಳನ್ನು ತೂಗುವುದಕ್ಕೆ ಒಂದು ತಕ್ಕಡಿ ದೊರೆಯುತ್ತದೆ ಎಂದು ನನ್ನ ಭಾವನೆ.

ಮೆಣಸಿನಕಾಯಿ ಈ ನೆಲದ ಆದಿವಾಸಿಯಲ್ಲ. ಪೋರ್ಚುಗೀಸರ ಹಡಗುಗಳೊಡನೆ 16ನೆಯ ಶತಮಾನದಲ್ಲಿ ಪಶ್ಚಿಮ ತೀರಕ್ಕೆ ಬಂದಿಳಿದು, ಘಟ್ಟವನ್ನೇರಿ ಧಾರವಾಡದ ಸೀಮೆಯ ಕಪ್ಪುನೆಲದಲ್ಲಿ ಬೇರೂರಿತು. ಚರಕ ಸುಶ್ರುತರು ಅದನ್ನು ಕಂಡವರಲ್ಲ. ಅವರ ಪಾಕಶಾಲೆಯ ಖಾರವೆಲ್ಲ ಕರಿಮೆಣಸು, ಹಿಪ್ಪಲಿ, ಶುಂಠಿಗಳದ್ದು. ಅದೇ ಶತಮಾನದಲ್ಲಿ, ಇಂದಿನ ಬ್ಯಾಡಗಿ ತಾಲ್ಲೂಕಿಗೆ ಸೇರಿದ ಕಾಗಿನೆಲೆಯ ಆದಿಕೇಶವನನ್ನು ನೆನೆಯುತ್ತ ಕನಕದಾಸರು ರಚಿಸಿದ ರಾಮಧಾನ್ಯ ಚರಿತೆಯಲ್ಲಿ ನರೆದಲಗಕ್ಕೂ ವ್ರೀಹಿಗೂ, ಎಂದರೆ ರಾಗಿಗೂ ಬತ್ತಕ್ಕೂ, ಶ್ರೇಷ್ಠತೆಯ ವ್ಯಾಜ್ಯ ಹುಟ್ಟಿ, ಆರು ತಿಂಗಳ ಸೆರೆವಾಸದ ಬಳಿಕವೂ ಸತ್ತ್ವಗೆಡದ ರಾಗಿಗೆ ಜಯವಾಗುತ್ತದೆ. ಯಾವ ಆಹಾರದಲ್ಲಿ ಏನು ಹುರುಳಿದೆ ಎಂಬ ಜಿಜ್ಞಾಸೆ ಈ ಸೀಮೆಗೆ ಹೊಸದೇನೂ ಅಲ್ಲ. ಅಂದಿನ ವಾದ ಇಡಿಯ ಧಾನ್ಯವನ್ನು ಕುರಿತದ್ದಾಗಿತ್ತು, ಇಂದಿನದು ಅದರಿಂದ ಬೇರ್ಪಡಿಸಿದ ಸಾರವನ್ನು ಕುರಿತದ್ದು, ಅಷ್ಟೆ.

ಈ ಭಾಗದ ಊಟದ ತಟ್ಟೆಯನ್ನೇ ನೋಡಬಹುದು. ಜೋಳದ ರೊಟ್ಟಿ, ಹಣ್ಣು ಮೆಣಸಿನಕಾಯಿಯನ್ನು ಉಪ್ಪು ಹುಣಸೆಗಳೊಡನೆ ಅರೆದ ರಂಜಕ, ಅದರ ಮೇಲೆ ಒಂದು ಮಿಳ್ಳೆ ಶೇಂಗಾ ಎಣ್ಣೆ, ಪಕ್ಕದಲ್ಲಿ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಎರಡೆಸಳು ಹಕ್ಕರಕಿ. ಕಾಯಿಯ ವರ್ಣದ್ರವ್ಯಗಳು ಕೊಬ್ಬಿನಲ್ಲಿ ಕರಗಿದಾಗಲಷ್ಟೆ ದೇಹಕ್ಕೆ ಸಲ್ಲುತ್ತವೆಂಬುದನ್ನಾಗಲಿ, ಹಸಿಯ ಪದಾರ್ಥಗಳಲ್ಲಿರುವ ಸಿ ಜೀವಸತ್ತ್ವವು ಧಾನ್ಯದ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವುದಕ್ಕೆ ಸಹಾಯಕವೆಂಬುದನ್ನಾಗಲಿ ಯಾವ ಮುತ್ತಜ್ಜಿಯೂ ಓದಿಕೊಂಡಿರಲಿಲ್ಲ. ರುಚಿಯ ದಾರಿಯಲ್ಲಿಯೇ ನಡೆದು ಅಲ್ಲಿಗೆ ಮುಟ್ಟಿದ್ದಳು. ಆದರೆ ಹಳೆಯದನ್ನೆಲ್ಲ ಪೂಜಿಸಹೊರಟವರಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಕ್ಷಾಮದ ವರ್ಷಗಳಲ್ಲಿ ಈ ತಟ್ಟೆಯಲ್ಲಿ ರೊಟ್ಟಿಯೂ ಖಾರವೂ ಉಳಿದು ಮಿಕ್ಕದ್ದೆಲ್ಲ ಮಾಯವಾಗುತ್ತಿತ್ತು, ಜೋಳವೊಂದನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಚರ್ಮವನ್ನು ಕೆಡಿಸುವ ಪೆಲಾಗ್ರ ರೋಗವಿರುವುದನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿಗಳು 1960ರ ದಶಕದಲ್ಲಿ ವಿವರಿಸಿದರು.

ಮೆಣಸಿನಕಾಯಿಗೂ ಗುಳಿಗೆಗೂ ನಂಟು ಬೆಳೆದದ್ದು ಬ್ಯಾಡಗಿಯಲ್ಲಲ್ಲ, ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ. ಕಾಸಿಮಿರ್ ಫಂಕ್ 1912ರಲ್ಲಿ ವಿಟಮಿನ್ ಎಂಬ ನಾಮಕರಣವನ್ನು ಮಾಡಿದ ಇಪ್ಪತ್ತು ವರ್ಷಗಳ ತರುವಾಯ, ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ಆ ಊರಿನ ಖ್ಯಾತ ಬೆಳೆಯಾದ ಪಾಪ್ರಿಕಾ ಮೆಣಸಿನಕಾಯಿಯಲ್ಲಿ ಸಿ ಜೀವಸತ್ತ್ವದ ಗಣಿಯನ್ನೇ ಕಂಡು, ಅದುವರೆಗೆ ಕಣಕಣವಾಗಿ ಸಿಕ್ಕುತ್ತಿದ್ದ ವಸ್ತುವನ್ನು ಕಿಲೋಗಟ್ಟಲೆ ತೆಗೆದನು. 1937ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ರಾತ್ರಿಯೂಟಕ್ಕೆ ಹೆಂಡತಿಯಿತ್ತ ಪಾಪ್ರಿಕಾವನ್ನು ತಿನ್ನಲು ಮನಸ್ಸಿಲ್ಲದೆ ಪ್ರಯೋಗಶಾಲೆಗೆ ಒಯ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ಆದರೆ ಆ ಸತ್ತ್ವ ಹಸಿಯ ಕಾಯಿಯದು. ಕಣದಲ್ಲಿ ದಿನಗಟ್ಟಲೆ ಬಿಸಿಲುಂಡು ಗಲಗಲನೆ ಒಣಗುವ ಹೊತ್ತಿಗೆ ಅದರ ಬಹುಭಾಗ ನಷ್ಟವಾಗಿರುತ್ತದೆ. ಒಣಗಿದ ಬ್ಯಾಡಗಿ ಕಾಯಿಯಲ್ಲಿ ಉಳಿಯುವುದು ಕೆಂಪು.

ಆ ಕೆಂಪಿಗೆ ಯಂತ್ರಯುಗದಲ್ಲಿ ಹೊಸ ಗಿರಾಕಿಗಳು ಬಂದರು. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸಿದ ಕಾಯಿಯನ್ನು ಬೀಜದಿಂದ ಬೇರ್ಪಡಿಸಿ, ಪುಡಿ ಮಾಡಿ, ಹೆಕ್ಸೇನಿನಂಥ ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಆವಿಯಾಗಿಸಿದರೆ ಮಿಗುವ ದಪ್ಪನೆಯ ಕಡುಗೆಂಪು ದ್ರವವೇ ಓಲಿಯೋರೆಸಿನ್. ಸಾಸಿಗೂ ಮಾಂಸದ ಪದಾರ್ಥಗಳಿಗೂ ತುಟಿಯ ರಂಗಿಗೂ, ಮೊಟ್ಟೆಯ ಭಂಡಾರ ಕೆಂಪೇರಲೆಂದು ಕೋಳಿಯ ಮೇವಿಗೂ ಅದು ಹೋಗುತ್ತದೆ. ಕೆಂಪನ್ನು ಕೊಡುವ ಕ್ಯಾಪ್ಸಾಂಥಿನ್ ಎಂಬ ದ್ರವ್ಯ ದೇಹದಲ್ಲಿ ಎ ಜೀವಸತ್ತ್ವವಾಗಿ ಮಾರ್ಪಡುವುದಿಲ್ಲ. ಹಾಗೆ ಮಾರ್ಪಡುವುದು ಅದರ ಜೊತೆಯಲ್ಲಿ ಅಡಗಿರುವ ಹಳದಿ ಬೀಟಾ ಕೆರೋಟಿನ್ ಮೊದಲಾದವು. ಸೀಸೆಯ ಮೇಲಿನ ಬಣ್ಣದ ಚಿತ್ರವನ್ನು ನೋಡಿ ಪೋಷಣೆಯನ್ನು ಅಳೆಯುವವರು ಈ ಭೇದವನ್ನು ಮನಸ್ಸಿಗೆ ತಂದುಕೊಂಡರೆ ಒಳ್ಳೆಯದು.

ಆ ಬೀಟಾ ಕೆರೋಟಿನ್ನಿನ ಕಥೆಯೇ ಇಲ್ಲಿ ಮುಖ್ಯವಾದುದು. ತರಕಾರಿ ಹಣ್ಣುಗಳನ್ನು ಧಾರಾಳವಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯೆಂಬುದನ್ನು ಕಂಡ ವೈದ್ಯರು, ಅವುಗಳ ಕೆರೋಟಿನ್ನನ್ನು ಗುಳಿಗೆಯಾಗಿ ಕೊಟ್ಟರೆ ಅದೇ ರಕ್ಷಣೆ ದೊರೆತೀತೆಂದು ಊಹಿಸಿ, ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರನ್ನು ಕೂಡಿಸಿಕೊಂಡು, ದಿನಕ್ಕೆ 20 ಮಿಲಿಗ್ರಾಮಿನಂತೆ ಐದರಿಂದ ಎಂಟು ವರ್ಷ ಪರೀಕ್ಷಿಸಿದರು. 1994ರಲ್ಲಿ ಪ್ರಕಟವಾದ ಫಲ ವಿಪರೀತವಾಗಿತ್ತು: ಗುಳಿಗೆ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಇಂಥದೇ ಪರೀಕ್ಷೆಯೊಂದನ್ನು ಅಮೆರಿಕದಲ್ಲಿ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮೆಣಸಿನಕಾಯಿಯನ್ನಾಗಲಿ ಗಜ್ಜರಿಯನ್ನಾಗಲಿ ತಿನ್ನುವವನಿಗೆ ನಾಲಿಗೆಯೂ ಹೊಟ್ಟೆಯೂ ಎಲ್ಲಿಯೋ ಒಂದು ಕಡೆ ‘ಸಾಕು’ ಎನ್ನುತ್ತವೆ. ರುಚಿಯಿಲ್ಲದ ಗುಳಿಗೆಗೆ ಅಂಥ ಕಾವಲುಗಾರನಿಲ್ಲ. ಎರಡು ನೊಬೆಲ್‌ಗಳನ್ನು ಪಡೆದ ಲೈನಸ್ ಪಾಲಿಂಗನಂಥ ಮಹಾಮತಿಯೇ 1970ರಲ್ಲಿ ನೆಗಡಿಯ ನಿವಾರಣೆಗೆಂದು ಸಿ ಜೀವಸತ್ತ್ವವನ್ನು ಗ್ರಾಮುಗಟ್ಟಲೆ ನುಂಗಬೇಕೆಂದು ಪುಸ್ತಕ ಬರೆದನು. ತರುವಾಯದ ಪರೀಕ್ಷೆಗಳಲ್ಲಿ ನೆಗಡಿ ಬರುವುದೇನೂ ತಪ್ಪಲಿಲ್ಲ. ಬಂದದ್ದು ತುಸು ಬೇಗ ಇಳಿಯಿತು, ಅಷ್ಟೆ. ಮಿತಿಮೀರಿದ ಸೇವನೆಯಿಂದ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಭಯ ಮಾತ್ರ ಉಳಿಯಿತು.

ಕಲಬೆರಕೆಯ ಪ್ರಕರಣವೂ ಉಂಟು. ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ಕೃತಕ ಬಣ್ಣವಿರುವುದು 2003ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಗಿ, ಯುರೋಪು ಕಟ್ಟುನಿಟ್ಟಿನ ತಪಾಸಣೆಯನ್ನು ವಿಧಿಸಿದಾಗ, ನಿಜವಾದ ಕೆಂಪಿನ ಬೆಲೆ ಏನೆಂಬುದು ವ್ಯಾಪಾರಿಗಳಿಗೆ ಅರಿವಾಯಿತು. ಇಡಿಯ ಕಾಯಿಯನ್ನು ಖರೀದಿದಾರ ಮುರಿದು ನೋಡಬಲ್ಲ. ಪುಡಿಯಲ್ಲಿ, ಅದಕ್ಕಿಂತಲೂ ಗುಳಿಗೆಯಲ್ಲಿ, ಕಣ್ಣಿನ ಸಾಕ್ಷ್ಯ ನಡೆಯದು. ನಮ್ಮ 2006ರ ಆಹಾರ ಸುರಕ್ಷತೆಯ ಕಾಯಿದೆ ಈ ಗುಳಿಗೆಗಳನ್ನು ಔಷಧವೆಂದು ಗಣಿಸದೆ ಆಹಾರದ ಪಂಕ್ತಿಯಲ್ಲಿಯೇ ಕೂರಿಸಿದೆ. ಆದುದರಿಂದ ರೋಗವನ್ನು ಗುಣಪಡಿಸುತ್ತೇವೆಂದು ಅವುಗಳನ್ನು ಮಾರುವಂತಿಲ್ಲ.

ಹಾಗೆಂದು ಗುಳಿಗೆಯನ್ನೇ ನಿಂದಿಸುವುದು ಅನ್ಯಾಯ. ಕೊರತೆಯಿದ್ದಲ್ಲಿ ಅದು ಸಂಜೀವಿನಿಯೇ ಸರಿ. ಮಕ್ಕಳ ಕುರುಡನ್ನು ತಡೆಯುವುದಕ್ಕೆಂದು 1970ರಲ್ಲಿ ಸರಕಾರ ಆರಂಭಿಸಿದ ಎ ಜೀವಸತ್ತ್ವದ ಯೋಜನೆಯಲ್ಲಿ ಆರು ತಿಂಗಳಿಗೊಮ್ಮೆ ಕೊಟ್ಟ ಒಂದು ಚಮಚೆ ಎಷ್ಟೋ ಕಣ್ಣುಗಳನ್ನು ಉಳಿಸಿದೆ. ಆದರೆ ಆ ಅಂತರವೂ ಅಳತೆಯೂ ನಿಗದಿಯಾದದ್ದು ಯಕೃತ್ತು ಅದನ್ನು ಸಂಗ್ರಹಿಸಿಟ್ಟುಕೊಳ್ಳುತ್ತದೆ, ಹೆಚ್ಚಾದರೆ ವಿಷವಾಗುತ್ತದೆ ಎಂಬ ತಿಳಿವಳಿಕೆಯಿಂದಲೇ. ಗರ್ಭಿಣಿಯರಿಗೆಂದು ಸರಕಾರಿ ಆಸ್ಪತ್ರೆಯಲ್ಲಿ ಹಂಚುವ ಕಬ್ಬಿಣದ ಕೆಂಪು ಮಾತ್ರೆಯದೂ ಅದೇ ನ್ಯಾಯ: ರಕ್ತಹೀನತೆಯಿರುವ ಹೆಣ್ಣಿಗೆ ಅದು ಬೇಕೇ ಬೇಕು, ಕೊರತೆಯೇ ಇಲ್ಲದ ಗಂಡಸು ‘ಶಕ್ತಿ’ಗೆಂದು ಅದನ್ನು ನುಂಗುವುದು ಹಾನಿ. ತೊಟ್ಟು ಬಿಡಿಸುವ ತಾಯಂದಿರಲ್ಲಿ ಯಾರಾದರೂ ಆ ಮಾತ್ರೆಯನ್ನು ತೆಗೆದುಕೊಳ್ಳುವವರಿದ್ದರೆ, ಅವರು ಅದರ ಬೆನ್ನಿಗೇ ಚಹ ಕುಡಿಯಕೂಡದು. ಚಹದ ಒಗರು ಕಬ್ಬಿಣವನ್ನು ಕರುಳಿಗೆ ದಕ್ಕಗೊಡುವುದಿಲ್ಲ. ಅರ್ಧ ಲಿಂಬೆಹಣ್ಣಿನ ರಸವಾದರೆ ದಕ್ಕಿಸುತ್ತದೆ.