ಸಿಹಿನೀರು ಯಾರಿಗೆ, ಗಡಸುನೀರು ಯಾರಿಗೆ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಕಾಲೋನಿಯ ಪಕ್ಕದ ಅಪಾರ್ಟ್‌ಮೆಂಟಿನ ಗೆಳೆಯರೊಬ್ಬರು ಮೊನ್ನೆ ಕೇಳಿದರು: "ನಿಮ್ಮ ಕಡೆ ನೀರಿನ ಹಾರ್ಡ್‌ನೆಸ್ ಎಷ್ಟಿದೆ? ನಾವಂತೂ ಸಾಫ್ಟ್‌ನರ್ ಹಾಕಿಸಿಬಿಟ್ವಿ." ನನಗೆ ನಗು ಬಂತು. ನಮ್ಮಲ್ಲಿ ಅದನ್ನ ಅಳೆಯೋದು ಮೀಟರ್ ಅಲ್ಲ, ನಮ್ಮವ್ವ. ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ಲ. ಬೇಳೆ ಬೇಯೋಕೆ ಗ್ಯಾಸ್ ಅರ್ಧ ಖಾಲಿ. ಹಂಡೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ. "ಇದು ನೀರಲ್ಲ ಕಣಪ್ಪ, ಕಲ್ಲು ಕರಗಿಸಿದ್ದು" ಅಂತಾಳೆ.

ಅವ್ವ ಹೇಳೋದು ವಿಜ್ಞಾನವೇ. ಮಳೆನೀರು ಮೆದು. ಅದು ನೆಲಕ್ಕಿಳಿದು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತಾಗ ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತೆ. ಅದೇ ಗಡಸುತನ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಆದರೆ ಅದೇ ಮಾನದಂಡದಲ್ಲಿ ಇನ್ನೊಂದು ಸಾಲಿದೆ: ಬೇರೆ ನೀರಿನ ಮೂಲ ಇಲ್ಲದಿದ್ದರೆ 600 ತನಕ ನಡೆಯುತ್ತೆ.

"ಬೇರೆ ಮೂಲ ಇಲ್ಲದಿದ್ದರೆ." ಗೆಳೆಯರೇ, ನಮ್ಮ ಚರಿತ್ರೆಯೆಲ್ಲ ಈ ಮಾತಿನೊಳಗೆ ಕೂತಿದೆ. ಮೂಲ ಇರಲಿಲ್ಲವಾ? ಅಥವಾ ಇದ್ದ ಮೂಲದ ಹತ್ತಿರ ನಮ್ಮನ್ನ ಬಿಡಲಿಲ್ಲವಾ?

ಹಳೇ ಮೈಸೂರಿನ ಊರುಗಳನ್ನ ನೆನಪು ಮಾಡಿಕೊಳ್ಳಿ. ಸೀನೀರಿನ ಬಾವಿ ಒಂದು ಕಡೆ, ಉಪ್ಪುನೀರಿನ ಬಾವಿ ಇನ್ನೊಂದು ಕಡೆ. ಸೀನೀರಿನ ಬಾವಿಗೆ ನಮ್ಮ ಕೊಡ ಇಳೀತಿರಲಿಲ್ಲ. ಯಾರಾದರೂ ಬಂದು ಸೇದಿ, ಮೇಲಿಂದ ಹುಯ್ಯೋ ತನಕ ನಮ್ಮ ಅಜ್ಜಿಯರು ದೂರ ನಿಂತು ಕಾಯಬೇಕಿತ್ತು. ಇನ್ನೊಂದು ಕಡೆ ನೋಡಿ: ಕೆರೆಯ ತೂಬು ತೆಗೆದು ಗದ್ದೆ ಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿ ಬಹಳಷ್ಟು ಊರುಗಳಲ್ಲಿ ನಮ್ಮವನೇ. ಇಡೀ ಊರಿನ ನೀರಿನ ಲೆಕ್ಕ ಅವನ ತಲೆಯಲ್ಲಿ. ಬಾವಿಯಲ್ಲಿ ಒಂದು ಬಿಂದಿಗೆ ಸೇದೋ ಹಕ್ಕು ಮಾತ್ರ ಅವನ ಹೆಂಡತಿಗಿಲ್ಲ!

ಮಹಾಡ್ ಎಲ್ಲರಿಗೂ ಗೊತ್ತು. ಆದರೆ ಆ ಕೆರೆಯ ಹೆಸರಿನ ಅರ್ಥ ಎಷ್ಟು ಜನರಿಗೆ ಗೊತ್ತು? ಮರಾಠಿಯಲ್ಲಿ 'ಚವದಾರ್' ಅಂದರೆ ರುಚಿಯಾದದ್ದು. ರುಚಿನೀರಿನ ಕೆರೆ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ಬೊಂಬಾಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಎಲ್ಲ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಮುಟ್ಟಿದರು. ಸವರ್ಣೀಯರು ನಮ್ಮವರ ಮೇಲೆ ಹಲ್ಲೆ ಮಾಡಿದರು, ಆಮೇಲೆ ಸಗಣಿ ಗಂಜಲ ಹಾಕಿ ಕೆರೆಯನ್ನ 'ಶುದ್ಧ' ಮಾಡಿದರು. ಕೋರ್ಟಿನಲ್ಲಿ ಕೇಸು ಮುಗಿದು ನಮಗೆ ನ್ಯಾಯ ಸಿಗೋ ಹೊತ್ತಿಗೆ 1937. ಆ ನೀರು ಕುಡಿಯದಿದ್ದರೆ ನಾವೇನೂ ಸಾಯಲ್ಲ, ನಾವೂ ಮನುಷ್ಯರು ಅಂತ ತೋರಿಸೋಕೆ ಹೋಗ್ತಿದ್ದೀವಿ ಅನ್ನೋದು ಬಾಬಾಸಾಹೇಬರ ನಿಲುವು.

ಸಂವಿಧಾನ ಬಂತು. 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹೇಳಿಯೇ ಬರೆದರು. ಇನ್ನು ಬಾವಿಗೆ ಅಡ್ಡ ನಿಲ್ಲೋದು ಅಪರಾಧ. ಆಗ ಎಷ್ಟೋ ಊರುಗಳಲ್ಲಿ ಏನಾಯ್ತು? ಊರ ಬಾವಿಯನ್ನ ಎಲ್ಲರಿಗೂ ತೆರೆಸೋ ಬದಲು, ಕೇರಿಗೇ ಬೇರೆ ಬಾವಿ, ಆಮೇಲೆ ಬೇರೆ ಬೋರ್‌ವೆಲ್, ಕೈಪಂಪು. "ನಿಮಗೂ ನೀರು ಬಂತಲ್ಲ, ಜಗಳ ಯಾಕೆ?" ಜಗಳ ತಪ್ಪಿತು, ಜಾತಿ ಉಳೀತು. ಬಂಡೆಯ ಆಳದ ಗಡಸುನೀರು ನಮ್ಮ ಪಾಲಾಯ್ತು.

ಈಗ ಬೆಂಗಳೂರಿನ ಪೈಪಿಗೆ ಬನ್ನಿ. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. 1974ರಲ್ಲಿ ಕಾವೇರಿ ಬಂದಳು, ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪಿನ ಮೇಲೆ ಪಂಪು ಹಾಕಿ ಎತ್ತಿದ ನೀರು. ಇಷ್ಟು ದೂರದಿಂದ ಇಷ್ಟು ಎತ್ತರಕ್ಕೆ ನದಿಯನ್ನ ಹತ್ತಿಸಿದ ನಗರಕ್ಕೆ ತನ್ನ ಅಂಚಿನ ಹಳ್ಳಿಗಳು ಮಾತ್ರ ದೂರ ಕಂಡವು. 2007ರಲ್ಲಿ 110 ಹಳ್ಳಿಗಳನ್ನ ನಗರಕ್ಕೆ ಸೇರಿಸಿಕೊಂಡರು. ಜಮೀನು ಸೈಟಾಯ್ತು. ಆ ಹಳ್ಳಿಗಳಿಗಾಗಿ ಮಾಡಿದ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. 17 ವರ್ಷ! ಆ ನಡುವೆ ಬೋರ್‌ವೆಲ್ ಆಳ ಆಳಕ್ಕೆ ಹೋಯ್ತು. 2024ರ ಬೇಸಿಗೆಯಲ್ಲಿ ಅದೂ ಬತ್ತಿದಾಗ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವರು ಯಾರು ಅಂತ ನಿಮಗೇ ಗೊತ್ತು.

ಒಂದು ಮಾತು ಸ್ಪಷ್ಟ ಇರಲಿ. ಗಡಸುನೀರು ವಿಷ ಅಂತ ನಾನು ಹೆದರಿಸ್ತಿಲ್ಲ. ನೊರೆ ಬರದ ಸೋಪು ಕಣ್ಣಿಗೆ ಕಾಣುತ್ತೆ. ಕಾಣದ್ದು ಬೇರೆ ಇದೆ: ಬಂಡೆಯಿಂದ ಬರೋ ಫ್ಲೋರೈಡ್, ಚರಂಡಿ ಗುಂಡಿಗಳಿಂದ ಇಳಿಯೋ ನೈಟ್ರೇಟ್. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತೆ, ಇವೆರಡೂ ಹೋಗಲ್ಲ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ತಂದ ಕ್ಯಾನು ಕುಡಿಯೋಕೆ ಆಯ್ತು. ಅಡುಗೆಗೆ, ಮಗು ತೊಳೆಯೋಕೆ ಅದೇ ಬೋರ್ ನೀರು.

ಈಗ ಪೈಪು ನಮ್ಮ ಬಾಗಿಲ ಹತ್ತಿರ ಬಂದಿದೆ. ಸಂಪರ್ಕ ಬೇಕಂದರೆ ದಾಖಲೆ ತನ್ನಿ, ದುಡ್ಡು ಕಟ್ಟಿ ಅಂತಾರೆ. ಹಕ್ಕುಪತ್ರವೇ ಇಲ್ಲದ ಮನೆಗಳ ಗತಿ ಏನು? ಅಂದು ಬಾವಿಯ ಹತ್ತಿರ ಒಬ್ಬ ಮನುಷ್ಯ ಅಡ್ಡ ನಿಂತಿದ್ದ, ಅವನ ಮೇಲೆ ಕೇಸು ಹಾಕಬಹುದಿತ್ತು. ಇಂದು ಯಾರೂ ಅಡ್ಡ ನಿಂತಿಲ್ಲ. ಪೈಪು ನಮ್ಮ ಗಲ್ಲಿಯ ತಿರುವಿನಲ್ಲಿ ತಾನಾಗೇ ನಿಂತುಬಿಡುತ್ತೆ. ಕೇಸು ಯಾರ ಮೇಲೆ ಹಾಕೋದು?

ಅದಕ್ಕೇ ಕೇಳ್ತಿದ್ದೀನಿ, ನಿಮ್ಮ ನಿಮ್ಮ ಕಾಲೋನಿಯಲ್ಲಿ ಮೂರು ಕೆಲಸ ಮಾಡಿ. ನಲ್ಲಿ ನೀರನ್ನ ಪರೀಕ್ಷೆಗೆ ಕೊಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್ ಮೂರನ್ನೂ ಬರೆಸಿಕೊಳ್ಳಿ. ಪೈಪು ಎಲ್ಲಿ ತನಕ ಬಂದಿದೆ, ಯಾವ ಗಲ್ಲಿ ಬಿಟ್ಟಿದೆ ಅಂತ ಮಾಹಿತಿ ಹಕ್ಕಿನಲ್ಲಿ ನಕ್ಷೆ ಕೇಳಿ. ಎರಡನ್ನೂ ಅಂಬೇಡ್ಕರ್ ಭವನದ ಗೋಡೆಗೆ ಅಂಟಿಸಿ.

ನಮ್ಮವ್ವನಿಗೆ ಈಗ ಅರವತ್ತೈದು. ಸೋಪು ಹಚ್ಚಿದ ಕೂಡಲೇ ನೊರೆ ಬರೋ ನೀರು ಅವಳ ಮನೆಯ ನಲ್ಲಿಯಲ್ಲಿ ಬರೋದನ್ನ ಅವಳು ನೋಡಬೇಕು. ಅದು ಭಿಕ್ಷೆ ಅಲ್ಲ, ನೀರುಗಂಟಿಯ ಮೊಮ್ಮಗಳ ಪಾಲು.

ಜೈ ಭೀಮ್.