ಆ ತುದಿಯಲ್ಲಿರುವುದು ಚನ್ನಗಿರಿಯೇ? ತಾಲ್ಲೂಕು ಲೀಸ್ಡ್ ಲೈನ್‌ಗಳ ಗುರುತು ಪರಿಶೀಲನೆ ಕುರಿತು ಒಂದು ಟಿಪ್ಪಣಿ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಚ್ಚುಕಟ್ಟಿನ ರೈತ ಪಹಣಿ ಕೇಳಿದಾಗ ಅವನ ಕೈಗೆ ಬರುವ ಹಾಳೆಯ ಹಿಂದೆ ಎರಡು ಬಗೆಯ ಗುರುತು ಪರಿಶೀಲನೆಗಳಿವೆ. ಒಂದು ಮನುಷ್ಯನದು: ‘ಭೂಮಿ’ ತಂತ್ರಾಂಶಕ್ಕೆ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ. ಅದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಇನ್ನೊಂದು ಯಂತ್ರದ್ದು: ಆ ದಾಖಲೆ ಹರಿಯುವ ಲೈನಿನ ಎರಡು ತುದಿಗಳ ರೂಟರ್‌ಗಳು ಒಂದನ್ನೊಂದು ಗುರುತಿಸಿಕೊಳ್ಳುವ ವ್ಯವಸ್ಥೆ. ಈ ಟಿಪ್ಪಣಿಯ ವಿಷಯ ಅದು.

ಕೇಂದ್ರ ಸರ್ಕಾರ 2005ರ ಮಾರ್ಚ್‌ನಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕವನ್ನು ನಿಗದಿ ಮಾಡಿತು. ಕರ್ನಾಟಕದಲ್ಲಿ ಇದರ ಹೆಸರು ಕೆ-ಸ್ವಾನ್. ಈ ಏರ್ಪಾಟಿನಲ್ಲಿ ದಾವಣಗೆರೆ ನಡುವಿನ ಗಂಟು. ಚನ್ನಗಿರಿ, ಹೊನ್ನಾಳಿ, ಜಗಳೂರು ಅದರಿಂದ ಹೊರಟ ಎಳೆಗಳು. ಆ ಕಾಲದ 2 ಎಂಬಿಪಿಎಸ್ ಲೀಸ್ಡ್ ಲೈನ್ ಎಂದರೆ ಸಾಮಾನ್ಯವಾಗಿ ಇ-ಒನ್: ತಲಾ 64 ಕೆಬಿಪಿಎಸ್‌ನ 32 ಪಾಲುಗಳು, ಒಟ್ಟು 2.048 ಎಂಬಿಪಿಎಸ್.

ಇಂಥ ಸೀರಿಯಲ್ ಲೈನ್ ಮೇಲೆ ಎರಡು ತುದಿಗಳು ನೇರವಾಗಿ ಮಾತಾಡಲು ಬಳಸುವ ಪಿಪಿಪಿ ಪ್ರೋಟೊಕಾಲ್‌ನ ನಿಯಮಗಳು 1994ರ ಜುಲೈನಲ್ಲಿ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1661 ಆಗಿ ಹೊರಬಂದವು. ಮೊದಲು ಎರಡು ರೂಟರ್‌ಗಳು ಲೈನಿನ ಷರತ್ತುಗಳನ್ನು ಪಿಪಿಪಿಯದೇ ಭಾಗವಾದ ಎಲ್‌ಸಿಪಿ ಮೂಲಕ ಮಾತಾಡಿಕೊಳ್ಳುತ್ತವೆ, ಆಮೇಲೆ ಗುರುತಿನ ಪರಿಶೀಲನೆ, ಅದು ಮುಗಿದ ಮೇಲಷ್ಟೇ ಐಪಿ. ಪರಿಶೀಲನೆಗೆ ಇರುವ ಹಳೆಯ ದಾರಿ ಪ್ಯಾಪ್. ಅದು ಗುಪ್ತಪದವನ್ನು ಇದ್ದಹಾಗೇ ಲೈನಿನ ಮೇಲೆ ಕಳಿಸುತ್ತದೆ, ಅದೂ ಆರಂಭದಲ್ಲಿ ಮಾತ್ರ. ಇದನ್ನು ಸರ್ಕಾರಿ ದಾಖಲೆ ಹರಿಯುವ ಲೈನಿಗೆ ಹಾಕಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪರಿಶೀಲನೆಯ ಇನ್ನೊಂದು ದಾರಿಯಾದ ಚಾಪ್ ಬೇರೆ ರೀತಿ ನಡೆಯುತ್ತದೆ. ರೂಟರ್‌ಗಳಿಗೆ ಊರಿನ ಹೆಸರನ್ನೇ ಇಟ್ಟಿದೆ ಎಂದುಕೊಳ್ಳೋಣ. ‘ದಾವಣಗೆರೆ’ ಒಂದು ಕ್ರಮಸಂಖ್ಯೆ, ಊಹಿಸಲಾಗದ ಒಂದು ಸವಾಲು ಮತ್ತು ತನ್ನ ಹೆಸರನ್ನು ಕಳಿಸುತ್ತದೆ. ‘ಚನ್ನಗಿರಿ’ ತನ್ನ ಪಟ್ಟಿಯಲ್ಲಿ ಆ ಹೆಸರಿನ ಎದುರಿಗಿರುವ ಗುಪ್ತಪದವನ್ನು ತೆಗೆದು, ಕ್ರಮಸಂಖ್ಯೆ, ಗುಪ್ತಪದ, ಸವಾಲು ಮೂರನ್ನೂ ಜೋಡಿಸಿ ಎಂಡಿ5 ಎಂಬ ಹ್ಯಾಶ್ ಲೆಕ್ಕ ಹಾಕಿ, ಬಂದ 16 ಬೈಟ್‌ಗಳನ್ನು ತನ್ನ ಹೆಸರಿನೊಂದಿಗೆ ಹಿಂದಿರುಗಿಸುತ್ತದೆ. ದಾವಣಗೆರೆ ಅದೇ ಲೆಕ್ಕವನ್ನು ತಾನೂ ಮಾಡಿ ತಾಳೆ ನೋಡುತ್ತದೆ. ಗುಪ್ತಪದ ತಂತಿಯ ಮೇಲೆ ಹೋಗುವುದೇ ಇಲ್ಲ. ಲೈನ್ ನಡೆಯುತ್ತಿರುವಾಗಲೂ ನಡುನಡುವೆ ಹೊಸ ಸವಾಲು ಹಾಕಬಹುದು.

ಹೀಗಾಗಿ ಹೆಸರೂ ಬೀಗದ ಭಾಗವೇ ಆಗುತ್ತದೆ. ಯಾರಾದರೂ ರೂಟರ್‌ನ ಹೆಸರನ್ನು ‘ಚನ್ನಗಿರಿ-1’ ಎಂದು ತಿದ್ದಿದರೆ ದಾವಣಗೆರೆಯ ಪಟ್ಟಿಯಲ್ಲಿ ಆ ಸಾಲಿಲ್ಲ, ಲೈನ್ ಬೀಳುತ್ತದೆ. ಪರದೆಯ ಮೇಲೆ ಕಾಣುವುದು ‘ಸೀರಿಯಲ್ ಅಪ್, ಲೈನ್ ಪ್ರೋಟೊಕಾಲ್ ಡೌನ್’. ಒಂದು ತುದಿಗೆ ಪಿಪಿಪಿ ಹಾಕಿ, ಇನ್ನೊಂದನ್ನು ಸಿಸ್ಕೊ ರೂಟರ್ ತಾನಾಗಿ ಹಿಡಿಯುವ ಎಚ್‌ಡಿಎಲ್‌ಸಿ ಎಂಬ ಬೇರೆ ಪ್ರೋಟೊಕಾಲ್‌ನಲ್ಲೇ ಬಿಟ್ಟರೂ ಕಾಣುವುದು ಇದೇ ಸಾಲು. ಎಲ್‌ಸಿಪಿ ಒಪ್ಪಂದ ಮುಗಿದು ಆಮೇಲೆ ಲೈನ್ ಬಿದ್ದಿದ್ದರೆ ಹೆಸರನ್ನೂ ಗುಪ್ತಪದವನ್ನೂ ನೋಡಬೇಕು. ಒಪ್ಪಂದವೇ ಆಗದಿದ್ದರೆ ಎನ್‌ಕ್ಯಾಪ್ಸುಲೇಷನ್, ಅಂದರೆ ಎರಡೂ ತುದಿಗಳಲ್ಲಿ ಒಂದೇ ಪ್ರೋಟೊಕಾಲ್ ಇದೆಯೇ ಎಂದು ನೋಡಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ, ತಪ್ಪಿಲ್ಲದ ಕೇಬಲ್ಲಿನ ಮೇಲೆ ದೂರು ಕೊಡುವುದು ಸುಲಭ.

ನನ್ನ ಮುಖ್ಯ ವಾದ ಬೇರೆ. ಚಾಪ್ ಅಪಾಯವನ್ನು ತಂತಿಯಿಂದ ತೆಗೆದು ಪೆಟ್ಟಿಗೆಯೊಳಗೆ ಇಡುತ್ತದೆ. ಲೆಕ್ಕ ಹಾಕಲು ಮೂಲ ಗುಪ್ತಪದವೇ ಬೇಕಾದ್ದರಿಂದ ಅದನ್ನು ಎರಡೂ ತುದಿಗಳಲ್ಲಿ ಮರಳಿ ಓದಬಹುದಾದ ರೂಪದಲ್ಲಿ ಇಡಲೇಬೇಕು. ಚಾಪ್‌ನ ನಿಯಮಗಳಿರುವ, 1996ರ ಆರ್‌ಎಫ್‌ಸಿ 1994 ಎಂಬ ದಾಖಲೆ ಇದನ್ನು ಮುಚ್ಚಿಡದೆ ಹೇಳಿದೆ. ಸಿಸ್ಕೊದ ‘ಟೈಪ್ 7’ ಮರೆಮಾಚುವಿಕೆಯನ್ನು ಕ್ಷಣದಲ್ಲಿ ಬಿಡಿಸಬಹುದು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ಹಾಗೆ ಹೊಸ ಕೇಂದ್ರ ಬಂದಾಗ, ಹಳೆಯ ರೂಟರ್‌ನ ಕಾನ್ಫಿಗರೇಷನ್ ನಕಲು ಮಾಡಿ ಹೆಸರಷ್ಟೇ ಬದಲಿಸುವುದು ಯಾವ ತಂತ್ರಜ್ಞನಿಗೂ ಹೊಳೆಯುವ ದಾರಿ. ಆಗ ಎಲ್ಲ ತಾಲ್ಲೂಕುಗಳಿಗೂ ಒಂದೇ ಗುಪ್ತಪದವಾಗುತ್ತದೆ. ಒಂದು ಕಚೇರಿಯ ರೂಟರ್ ಓದಿದವನು, ಚನ್ನಗಿರಿಯ ಲೈನಿಗೂ ಕೈ ಹಾಕಬಲ್ಲವನಾದರೆ, ಚನ್ನಗಿರಿ ತಾನೇ ಎಂದು ಹೇಳಿಕೊಳ್ಳಬಹುದು. ಪ್ರತಿ ಲೈನಿಗೂ ಪ್ರತ್ಯೇಕವಾಗಿ, ಕನಿಷ್ಠ 16 ಬೈಟ್ ಉದ್ದದ ಗುಪ್ತಪದ ಇರಲೇಬೇಕು. ಚಿಕ್ಕದಾದರೆ, ಸವಾಲು-ಉತ್ತರಗಳನ್ನು ಹಿಡಿದಿಟ್ಟುಕೊಂಡವನು ಪುರುಸೊತ್ತಾಗಿ ಊಹಿಸುತ್ತ ಕೂರಬಲ್ಲ.

ಚಾಪ್ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪಹಣಿಯ ಅಕ್ಷರಗಳನ್ನು ಕಾಯಲು ಐಪಿಸೆಕ್‌ನಂಥ ಬೇರೆ ಪದರ ಬೇಕು.

ಸೀರಿಯಲ್ ಕೇಬಲ್‌ಗಳ ಜಾಗವನ್ನು ಈಗ ಫೈಬರ್ ಹಿಡಿಯುತ್ತಿದೆ. ಪಿಪಿಪಿ ಮಾತ್ರ ಹೋಗಿಲ್ಲ: ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಮನೆ ಸಂಪರ್ಕದಲ್ಲಿ ಬಳಕೆದಾರರ ಹೆಸರು, ಗುಪ್ತಪದ ತುಂಬುವ ಪಿಪಿಪಿಒಇ, ಈಥರ್ನೆಟ್ ಮೇಲೆ ಕೂತ ಅದೇ ಪಿಪಿಪಿ.