ಒಂದೇ ಜಿಲ್ಲೆ: ಅಲ್ಲಿ ಮಹಾಪೂರ, ಇಲ್ಲಿ ಟ್ಯಾಂಕರ್

ಸಾಂಗಲಿಯ ಆಯರ್ವಿನ್ ಸೇತುವೆಯನ್ನು ನಮ್ಮ ಭಾಗದವರೆಲ್ಲ ನೋಡಿಯೇ ಇರುತ್ತೇವೆ. ಸಂಸ್ಥಾನದ ಕಾಲದಲ್ಲಿ, 1929ರಲ್ಲಿ ತೆರೆದ ಈ ಸೇತುವೆಗೆ ಆಗಿನ ವೈಸರಾಯರ ಹೆಸರು. ಕೃಷ್ಣೆ ಎಷ್ಟು ಏರಿದ್ದಾಳೆ ಎಂಬುದನ್ನು ಜನ ಇಂದಿಗೂ ಈ ಸೇತುವೆಯ ಬಳಿಯ ಅಡಿಗಳ ಲೆಕ್ಕದಲ್ಲೇ ಹೇಳುತ್ತಾರೆ. 45 ಅಡಿ ಅಪಾಯದ ಮಟ್ಟ. 2005ರಲ್ಲಿ ನೀರು 53 ಅಡಿ ದಾಟಿತು, 2019ರ ಆಗಸ್ಟ್‌ನಲ್ಲಿ 57 ದಾಟಿತು, 2021ರ ಜುಲೈಯಲ್ಲಿ ಮತ್ತೆ 50ರ ಮೇಲೆ ಹೋಯಿತು.

2019ರಲ್ಲಿ ಸಾಂಗಲಿಯ ಪೇಟೆಯಲ್ಲಿ ದೋಣಿ ಓಡುತ್ತಿದ್ದಾಗ ಇದೇ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಬರುತ್ತಿತ್ತು. ಅದಕ್ಕೂ ಮೂರು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ, ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಕಳಿಸಿದ್ದರು. ಮೊದಲ ಗಾಡಿಯಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್.

ಇದೇಕೆ ಹೀಗೆ? ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ಅರಬ್ಬೀ ಸಮುದ್ರದ ಮೋಡಗಳು ಸಹ್ಯಾದ್ರಿ ಏರುವಾಗಲೇ ಬರಿದಾಗುತ್ತವೆ. ಜತ್ತಕ್ಕೆ ಉಳಿಯುವುದು 500 ಮಿ.ಮೀ. ಆಸುಪಾಸು. ನಮ್ಮ ಕಾಲ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕಪ್ಪು ಕಲ್ಲು. ಬಿರುಕುಗಳಲ್ಲಿ ಹಿಡಿದಷ್ಟೇ ನೀರು, ಆದ್ದರಿಂದ ಬೋರ್‌ವೆಲ್ಲುಗಳು ಬೇಗ ಬತ್ತುತ್ತವೆ. ಇತ್ತ ಕರಾಡದಲ್ಲಿ ಕೋಯ್ನೆ, ಸಾಂಗಲಿ ಪಕ್ಕದ ಹರಿಪುರದಲ್ಲಿ ವಾರಣೆ ಕೃಷ್ಣೆಗೆ ಸೇರುತ್ತವೆ. ಕೆಳಗೆ ನರಸೋಬವಾಡಿಯಲ್ಲಿ ಪಂಚಗಂಗೆಯೂ ತುಂಬಿ ಬಂದರೆ ಮೇಲಿನ ನೀರು ಮುಂದೆ ಸರಿಯದೆ ಊರೊಳಗೆ ನುಗ್ಗುತ್ತದೆ.

ಮಹಾಪೂರ ಬಂದಾಗಲೆಲ್ಲ ನಮ್ಮ ಕನ್ನಡ ಶಾಲೆಯ ಮಕ್ಕಳು ಒಂದು ಮಾತು ಕೇಳಬೇಕಾಗುತ್ತದೆ: "ನಿಮ್ಮ ಆಲಮಟ್ಟಿಯಿಂದ ನಾವು ಮುಳುಗಿದೆವು." ಈ ಮಕ್ಕಳು ಹುಟ್ಟಿದ್ದೂ ಮಹಾರಾಷ್ಟ್ರದಲ್ಲೇ, ನೀರು ನುಗ್ಗಿದ್ದು ಅವರ ಮನೆಗಳಿಗೂ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ, 2019ರ ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಅತಿವೃಷ್ಟಿಯ ಜೊತೆಗೆ ನದಿಪಾತ್ರದ ಅತಿಕ್ರಮಣವನ್ನೂ ಎತ್ತಿ ತೋರಿಸಿತು. ಆದರೂ ಆಣೆಕಟ್ಟನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವ ವಿಷಯದಲ್ಲಿ ಈ ಕಡೆಯವರ ಆತಂಕವೂ ಸುಳ್ಳಲ್ಲ. ಮನೆ ಕಳೆದುಕೊಂಡವರು ಹೆದರುವುದು ಸಹಜ.

ಇನ್ನು ಹವಾಮಾನದ ಮಾತು. ಗಾಳಿಯ ಕಾವು ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದು ನಾಲ್ಕೇ ದಿನದಲ್ಲಿ ಸುರಿದರೆ ಹೊಳೆಗೆ ದಾರಿ ಸಾಲದು. ಇದಕ್ಕೆ ಗಡಿ ಗೊತ್ತಿಲ್ಲ.

ಶಿಕ್ಷಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಒಂದು ಮಳೆಮಾಪಕ ಮಾಡಿ ಶಾಲೆಯ ಅಂಗಳದಲ್ಲಿಡೋಣ. ದಿನದ ಮಳೆಯನ್ನೂ ಸೇತುವೆಯ ಮಟ್ಟವನ್ನೂ ಮಕ್ಕಳಿಂದಲೇ ಹಲಗೆಯ ಮೇಲೆ ಬರೆಸೋಣ. ನಾಳೆ ಯಾರಾದರೂ ಅದೇ ಮಾತು ಆಡಿದರೆ, ನಮ್ಮ ಮಕ್ಕಳು ಜಗಳವಾಡದೆ ತಮ್ಮ ವಹಿಯನ್ನು ತೆರೆದು ತೋರಿಸಲಿ.